ಚಿತ್ರನಗರಿಯಲ್ಲೊಂದು ಮಧ್ಯಾಹ್ನ

ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ಮುಗಿದು, ಸ್ಟುಡಿಯೋದ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದ ಹೊತ್ತು. ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು, "ಸಾರ್, ಸಿನಿಮಾದಲ್ಲಿ ಹತ್ತಿಕೊಂಡ ಬೆಂಕಿ ಆಮೇಲೆ ಆರುವುದು ಹೇಗೆ?" ಎಂದು ಕೇಳಿದಳು. ಬೆಂಕಿ ಹತ್ತಿಸುವುದು ಹೇಗೆಂದು ಕೇಳಿದವರು ಬಹಳ ಮಂದಿ. ಆರುವುದರ ಬಗ್ಗೆ ಕೇಳಿದವಳು ಇವಳೊಬ್ಬಳೇ. ಅಲ್ಲಿಯೇ ನಿಂತು ಎರಡು ಮಾತು ಹೇಳಿ ಕಳಿಸಿದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಮನೆಗೆ ಬಂದು ಶ್ರೀಮತಿಗೆ ಹೇಳಿದಾಗ, "ಯೂನಿವರ್ಸಲ್ ಸ್ಟುಡಿಯೋದಲ್ಲಿ ನೋಡಿದ್ದೆವಲ್ಲ, ಅದನ್ನೇ ಬರೆಯಿರಿ" ಎಂದಳು. ಈ ಲೇಖನಕ್ಕೆ ಅವಳೇ ಕಾರಣ. ಅದರ ಹೆಚ್ಚಿನ ಭಾಗವೂ ಅವಳದೇ ಎಂಬುದು ನಿಮಗೆ ಓದುತ್ತಾ ತಿಳಿಯುತ್ತದೆ.

2019ರ ಮೇ ತಿಂಗಳಿನಲ್ಲಿ ನಾವಿಬ್ಬರೂ ಅಮೆರಿಕದ ಲಾಸ್ ಏಂಜಲೀಸ್ ಬಳಿ ಇರುವ ಅವಳ ತಂಗಿಯ ಮನೆಗೆ ಹೋಗಿದ್ದೆವು. ಹೊರಡುವ ಹಿಂದಿನ ದಿನ ಉಳಿದದ್ದು ಒಂದು ಮಧ್ಯಾಹ್ನ ಮಾತ್ರ. ಆ ಊರಿಗೆ ಹೋದ ದೂರದರ್ಶನದ ನಿರ್ಮಾಪಕನೊಬ್ಬ ಚಿತ್ರನಗರಿಯನ್ನು ನೋಡದೆ ಬಂದರೆ ಸಹೋದ್ಯೋಗಿಗಳು ಸುಮ್ಮನಿರುತ್ತಾರೆಯೇ? ಒಂದು ಗಂಟೆಯ ಹೊತ್ತಿಗೆ ಯೂನಿವರ್ಸಲ್ ಸ್ಟುಡಿಯೋಸ್ ಹಾಲಿವುಡ್‌ನ ಬಾಗಿಲಲ್ಲಿದ್ದೆವು. ಅರ್ಧ ದಿನಕ್ಕೆ ಅರ್ಧ ದರ ಇರಬಹುದೆಂಬ ಆಸೆ ನನಗಿತ್ತು. ಇರಲಿಲ್ಲ.

ಈ ಸ್ಥಳದ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಜರ್ಮನಿಯ ಲೌಪ್‌ಹೈಮ್ ಎಂಬ ಊರಿನಿಂದ ವಲಸೆ ಬಂದ ಕಾರ್ಲ್ ಲೆಮ್ಲಿ ಎಂಬಾತ 1915ರ ಮಾರ್ಚ್ 15ರಂದು ಇಲ್ಲಿ ಯೂನಿವರ್ಸಲ್ ಸಿಟಿಯನ್ನು ತೆರೆದ. ಚಲನಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನೇ ಜನ ದುಡ್ಡು ಕೊಟ್ಟು ನೋಡಬಹುದೆಂದು ಆತನಿಗೆ ಹೊಳೆಯಿತು. 25 ಸೆಂಟ್ ಕೊಟ್ಟವರು ಮೆಟ್ಟಿಲುಸಾಲಿನ ಮೇಲೆ ಕುಳಿತು ಚಿತ್ರೀಕರಣ ನೋಡಬಹುದಾಗಿತ್ತು; ನಾಯಕನಿಗೆ ಚಪ್ಪಾಳೆ ತಟ್ಟಬಹುದಾಗಿತ್ತು, ಖಳನನ್ನು ಬೈಯಬಹುದಾಗಿತ್ತು. ಏಕೆಂದರೆ ಅದು ಮೂಕಿಚಿತ್ರಗಳ ಕಾಲ. ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. 1920ರ ದಶಕದ ಕೊನೆಯಲ್ಲಿ ಮಾತಿನ ಚಿತ್ರಗಳು ಬಂದವು. ಮೈಕ್ರೋಫೋನು ನಾಯಕಿಯ ಪಿಸುಮಾತಿನ ಜೊತೆಗೆ ನೋಡುಗರ ಕೆಮ್ಮನ್ನೂ ಹಿಡಿಯತೊಡಗಿತು. ಪ್ರೇಕ್ಷಕರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಆ ಬಾಗಿಲು ಮತ್ತೆ ತೆರೆದದ್ದು 1964ರಲ್ಲಿ. ಈ ಬಾರಿ ಜನರನ್ನು ಟ್ರಾಮ್‌ನಲ್ಲಿ ಕೂರಿಸಿ ಸ್ಟುಡಿಯೋದ ಹಿತ್ತಿಲನ್ನೆಲ್ಲ ಸುತ್ತಿಸುವ ಏರ್ಪಾಟು. ನಾವು ಹತ್ತಿದ್ದು ಆ ಪ್ರವಾಸದ ಟ್ರಾಮ್ ಅನ್ನೇ. ಟ್ರಾಮ್ ಎಂದರೂ ಅದಕ್ಕೆ ಹಳಿಗಳಿಲ್ಲ. ಒಂದಕ್ಕೊಂದು ಕೊಂಡಿ ಹಾಕಿದ, ಪಕ್ಕಗಳು ತೆರೆದ ಡಬ್ಬಿಗಳು. ಸುಮಾರು ಒಂದು ಗಂಟೆಯ ಸುತ್ತಾಟ. ಅಲ್ಲಿ ನೋಡಿದ್ದನ್ನು ನೋಡಿದ ಕ್ರಮದಲ್ಲಿ ಹೇಳುತ್ತಿಲ್ಲ. ವಿವರಣೆಗೆ ಬೇಕಾದಂತೆ ಹಿಂದುಮುಂದು ಮಾಡಿದ್ದೇನೆ.

ಮೊದಲು ಕಾಣುವುದು ಬೀದಿಗಳು. ಯೂರೋಪಿನ ಚೌಕ, ನ್ಯೂಯಾರ್ಕಿನ ಬೀದಿ, ಕೌಬಾಯ್‌ಗಳ ಊರು. ಮುಂದಿನಿಂದ ಮೂರಂತಸ್ತಿನ ಮನೆ; ಟ್ರಾಮ್ ತಿರುಗಿದರೆ ಹಿಂದೆ ಮರದ ಆಸರೆ ಕೊಟ್ಟ ಒಂದು ಹಲಗೆ. ಹಿಚ್‌ಕಾಕ್‌ನ ‘ಸೈಕೋ’ ಚಿತ್ರದ ಮನೆ ಇಂದಿಗೂ ಗುಡ್ಡದ ಮೇಲಿದೆ. 1960ರಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ಕಟ್ಟಿದಾಗ ಅದಕ್ಕೆ ಇದ್ದದ್ದು ಎರಡೇ ಪಕ್ಕಗಳು, ಕ್ಯಾಮೆರಾ ನೋಡುವಷ್ಟು ಮಾತ್ರ. ನಮ್ಮ ಕಂಪನಿ ನಾಟಕಗಳ ಅರಮನೆಯ ಪರದೆಯನ್ನು ನೋಡಿದವರಿಗೆ ಇದೇನೂ ಹೊಸತಲ್ಲ.

ಕೌಬಾಯ್ ಬೀದಿಯಲ್ಲಿ ಮಾರ್ಗದರ್ಶಿ ಒಂದು ವಿಷಯ ತೋರಿಸಿದ. ಒಂದು ಬದಿಯ ಮನೆಗಳ ಬಾಗಿಲುಗಳು ವಾಡಿಕೆಗಿಂತ ಚಿಕ್ಕವು. ಎದುರು ಬದಿಯವು ದೊಡ್ಡವು. ಚಿಕ್ಕ ಬಾಗಿಲ ಮುಂದೆ ನಾಯಕ ನಿಂತರೆ ಆಜಾನುಬಾಹು. ದೊಡ್ಡ ಬಾಗಿಲ ಮುಂದೆ ನಾಯಕಿ ನಿಂತರೆ ಸುಕುಮಾರಿ. ಇದರ ಗುಟ್ಟು ಕೋನದಲ್ಲಿದೆ. ನಮ್ಮ ಕಣ್ಣಿಗಾಗಲಿ ಕ್ಯಾಮೆರಾಕ್ಕಾಗಲಿ ವಸ್ತುವಿನ ನಿಜವಾದ ಅಳತೆ ತಿಳಿಯುವುದಿಲ್ಲ. ಅದು ಕಣ್ಣಿನಲ್ಲಿ ಉಂಟುಮಾಡುವ ಕೋನ ಮಾತ್ರ ತಿಳಿಯುತ್ತದೆ. 20 ಮೀಟರ್ ದೂರದಲ್ಲಿರುವ 2 ಮೀಟರ್ ಬಾಗಿಲು, 10 ಮೀಟರ್ ದೂರದಲ್ಲಿರುವ 1 ಮೀಟರ್ ಬಾಗಿಲು ಎರಡೂ ಒಂದೇ ಕೋನವನ್ನು ಮಾಡುತ್ತವೆ. ಉಳಿದದ್ದನ್ನು ಮೆದುಳು ಊಹೆಯಿಂದ ತುಂಬಿಕೊಳ್ಳುತ್ತದೆ. ಬಾಗಿಲೆಂದರೆ ಇಷ್ಟೆತ್ತರ ಎಂದು ಅದಕ್ಕೆ ಅನುಭವದಿಂದ ಗೊತ್ತು. ಆ ಗೊತ್ತಿರುವಿಕೆಯನ್ನೇ ಬಡಗಿ ಬಳಸಿಕೊಳ್ಳುತ್ತಾನೆ.

ಅಲ್ಲಿಂದ ಮುಂದೆ ಕೆರೆಯ ದಂಡೆಯಲ್ಲಿ ‘ಜಾಸ್’ ಚಿತ್ರದ ಶಾರ್ಕ್ ಮೀನು ನೀರಿನಿಂದ ಎದ್ದು ಬಾಯಿ ತೆರೆಯಿತು. 1976ರಿಂದ ಅದು ದಿನವೂ ಹೀಗೆ ಏಳುತ್ತಿದೆಯಂತೆ. ನನಗೆ ಈ ಮೀನಿಗಿಂತ ಅದರ ಪೂರ್ವಿಕರ ಕಥೆ ಹೆಚ್ಚು ಇಷ್ಟ. 1974ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಆ ಚಿತ್ರವನ್ನು ತೆಗೆಯುವಾಗ ಮೂರು ಯಾಂತ್ರಿಕ ಶಾರ್ಕ್‌ಗಳನ್ನು ಮಾಡಿಸಿದ್ದರು. ಒಂದು ಎಳೆದುಕೊಂಡು ಹೋಗಲು. ಉಳಿದೆರಡಕ್ಕೆ ಚರ್ಮ ಒಂದೇ ಪಕ್ಕಕ್ಕಿತ್ತು, ಇನ್ನೊಂದು ಪಕ್ಕದಲ್ಲಿ ಬರಿಯ ಕೊಳವೆಗಳು. ಅವು ಸಿಹಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಸಮುದ್ರಕ್ಕಿಳಿಸಿದೊಡನೆ ಉಪ್ಪುನೀರು ತನ್ನ ಕೆಲಸ ಮಾಡಿತು. ಲೋಹಕ್ಕೆ, ವಿದ್ಯುತ್ ಜೋಡಣೆಗೆ ಉಪ್ಪುನೀರು ಎಷ್ಟು ವೈರಿ ಎಂಬುದನ್ನು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದು ಮೊಳೆ ಹಾಕಿ ನೀವೇ ನೋಡಿರುತ್ತೀರಿ. ಶಾರ್ಕ್ ಕೈಕೊಟ್ಟಿತು, ಹೀಗಾಗಿ ಚಿತ್ರದ ಬಹುಪಾಲು ಶಾರ್ಕ್ ಕಾಣಿಸುವುದೇ ಇಲ್ಲ, ಬರಿಯ ನೀರು ಮತ್ತು ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳ ಸಂಗೀತ. ಕಾಣದ ಮೀನಿಗೆ ಜನ ಕಂಡ ಮೀನಿಗಿಂತ ಹೆಚ್ಚು ಹೆದರಿದರು.

ಒಂದು ತಿರುವಿನಲ್ಲಿ ಮಳೆ ಶುರುವಾಯಿತು, ಮೇಲಿನಿಂದ ಪ್ರವಾಹ ನುಗ್ಗಿತು. 10,000 ಗ್ಯಾಲನ್ ನೀರು ಎಂದು ಮಾರ್ಗದರ್ಶಿ ಹೆಮ್ಮೆಯಿಂದ ಹೇಳಿದ. ಅಮೆರಿಕದ ಗ್ಯಾಲನ್ 3.785 ಲೀಟರ್, ಅಂದರೆ ಸುಮಾರು 38 ಟನ್ ನೀರು, ನಾಲ್ಕೈದು ಟ್ಯಾಂಕರ್‌ನಷ್ಟು. ಕೇಳಲು ದೊಡ್ಡ ಸಂಖ್ಯೆ. ಆದರೆ ಪ್ರವಾಹದ ಶಕ್ತಿ ನೀರಿನ ಮೊತ್ತವೊಂದರಲ್ಲೇ ಇಲ್ಲ. ವೇಗದಲ್ಲಿ, ಆಳದಲ್ಲಿ, ಎಷ್ಟು ಹೊತ್ತು ಹರಿಯುತ್ತದೆ ಎಂಬುದರಲ್ಲಿ ಇದೆ. ಇಲ್ಲಿ ನೀರು ಬಂಡೆಗಳಿಗೆ ಬಡಿದು, ನೊರೆಯಾಗಿ, ಸದ್ದು ಮಾಡಿ, ಟ್ರಾಮ್‌ನ ಪಕ್ಕದಲ್ಲಿ ಇಳಿದುಹೋಗುತ್ತದೆ. ನೊರೆ ಮತ್ತು ಸದ್ದಿನಿಂದ ನೀರು ಹೆಚ್ಚಾಗಿ ಕಾಣುತ್ತದೆ. ಅದೇ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡಿ ಮುಂದಿನ ಟ್ರಾಮ್‌ಗೆ ಬಳಸುತ್ತಾರೆ. ನಿಜವಾದ ಪ್ರವಾಹ ಇದಕ್ಕೆ ತದ್ವಿರುದ್ಧ. ಸದ್ದಿಲ್ಲದೆ ಹರಿಯುವ ಎರಡಡಿ ಆಳದ ನೀರು ಒಂದು ಕಾರನ್ನು ತೇಲಿಸಿಕೊಂಡು ಹೋಗಬಲ್ಲದು. ಮಳೆಗಾಲದಲ್ಲಿ ಸೇತುವೆಯ ಮೇಲೆ ಹರಿಯುವ ಕೆಂಪುನೀರನ್ನು ನೋಡಿ ‘ಇಷ್ಟೇ ತಾನೆ’ ಎಂದುಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಈಗ ಭೂಕಂಪಕ್ಕೆ ಬರೋಣ.

ಟ್ರಾಮ್ ಒಂದು ದೊಡ್ಡ ಕಟ್ಟಡದೊಳಗೆ ನುಗ್ಗಿ ನಿಂತಿತು. ಒಳಗೆ ಸ್ಯಾನ್ ಫ್ರಾನ್ಸಿಸ್ಕೋದ ನೆಲದಡಿಯ ರೈಲು ನಿಲ್ದಾಣ. ನಾನು ಮೇಲೆ ನೋಡುತ್ತಿದ್ದೆ, ಛಾವಣಿಯ ಯಾವ ಹಾಸು ಬೀಳುತ್ತದೆ, ಅದರ ಕೀಲು ಎಲ್ಲಿದೆ ಎಂದು. ಪಕ್ಕದಲ್ಲಿ ಶ್ರೀಮತಿ ಕತ್ತು ಹೊರಳಿಸಿ ಬೇರೇನನ್ನೋ ಹುಡುಕುತ್ತಿದ್ದಳು. "ಏನು?" ಎಂದೆ. "ಬಾಗಿಲು ಎಲ್ಲಿದೆ ನೋಡುತ್ತಿದ್ದೇನೆ" ಎಂದಳು.

ಅಷ್ಟರಲ್ಲಿ ನೆಲ ನಡುಗಿತು. ರಸ್ತೆಯ ಕಾಂಕ್ರೀಟ್ ಹಾಸು ಕುಸಿದು ಇಂಧನದ ಟ್ಯಾಂಕರ್ ಲಾರಿಯೊಂದು ನಮ್ಮ ಕಡೆಗೆ ಜಾರಿತು, ಧಗ್ಗೆಂದು ಉರಿಯಿತು. ಎದುರಿನಿಂದ ರೈಲೊಂದು ಹಳಿ ತಪ್ಪಿ ಬಂತು. ಮೆಟ್ಟಿಲುಗಳ ಮೇಲಿಂದ ನೀರು ಧುಮುಕಿತು. ಎಲ್ಲ ಮುಗಿಯಲು ಎರಡು ಮೂರು ನಿಮಿಷ. ಆಮೇಲೆ ಹಾಸು ಮೇಲಕ್ಕೆ, ಲಾರಿ ಹಿಂದಕ್ಕೆ, ರೈಲು ತನ್ನ ಗುಹೆಗೆ. ಎಲ್ಲವೂ ಮುಂದಿನ ಟ್ರಾಮ್‌ಗೆ ಸಿದ್ಧ.

"ರಿಕ್ಟರ್ ಮಾಪನದಲ್ಲಿ 8.3 ಪ್ರಮಾಣದ ಭೂಕಂಪವನ್ನು ನೀವು ಅನುಭವಿಸಿದಿರಿ" ಎಂದು ಘೋಷಣೆಯಾಯಿತು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಒಂದು ಆಕ್ಷೇಪಣೆಯಿದೆ. ಪ್ರಮಾಣ ಎನ್ನುವುದು ಭೂಮಿಯೊಳಗೆ ಬಂಡೆ ಬಿರಿದಾಗ ಬಿಡುಗಡೆಯಾದ ಶಕ್ತಿಗೆ ಸಂಬಂಧಿಸಿದ ಸಂಖ್ಯೆ; ನೀವು ಕುಳಿತ ಕುರ್ಚಿ ಎಷ್ಟು ಅಲುಗಿತು ಎಂಬುದಕ್ಕಲ್ಲ. ಆ ಎರಡನೆಯದನ್ನು ತೀವ್ರತೆ ಎನ್ನುತ್ತಾರೆ. ಅದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. 60 ವಾಟ್ ಬಲ್ಬು ಎಲ್ಲಿಂದ ನೋಡಿದರೂ 60 ವಾಟೇ, ಆದರೆ ಹತ್ತಿರ ಓದಬಹುದು, ದೂರ ಓದಲಾಗದು. ಪ್ರಮಾಣವೆಂದರೆ ವಾಟ್, ತೀವ್ರತೆಯೆಂದರೆ ಪುಸ್ತಕದ ಮೇಲೆ ಬಿದ್ದ ಬೆಳಕು. ಜೊತೆಗೆ ಈ ಸಂಖ್ಯೆ ಏರುವ ರೀತಿಯೂ ಮೋಸದ್ದು: ಒಂದು ಅಂಕೆ ಹೆಚ್ಚಾದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪದ ಪ್ರಮಾಣ 6.2. ನಮ್ಮ ಬೀದರ್, ಗುಲ್ಬರ್ಗ ಕಡೆಯವರಿಗೆ ಆ ನಡುಕ ಇನ್ನೂ ನೆನಪಿದೆ. 8.3ರ ಭೂಕಂಪ ನಿಜವಾಗಿ ಆದರೆ ಅದರ ಶಕ್ತಿ ಕಿಲ್ಲಾರಿಯದಕ್ಕಿಂತ ಸುಮಾರು 1,400 ಪಟ್ಟು.

ಈ ಪ್ರದರ್ಶನ ಆರಂಭವಾದದ್ದು 1989ರಲ್ಲಿ. ಅದೇ ವರ್ಷ ಅಕ್ಟೋಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ 6.9 ಪ್ರಮಾಣದ ನಿಜವಾದ ಭೂಕಂಪ ಆಯಿತು. 1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ, ಅಂದರೆ ಈ ಸ್ಟುಡಿಯೋ ಇರುವ ಕಣಿವೆಯಲ್ಲೇ, 6.7ರದು. ಕಿಲ್ಲಾರಿಗಿಂತ ಐದು ಪಟ್ಟಿಗೂ ಹೆಚ್ಚು ಶಕ್ತಿ, ಲಕ್ಷಾಂತರ ಜನ ಮಲಗಿದ್ದ ಮಹಾನಗರದ ಅಡಿಯಲ್ಲೇ. ಸತ್ತವರು ಸುಮಾರು 60. ಕಿಲ್ಲಾರಿಯಲ್ಲಿ ಸುಮಾರು 10 ಸಾವಿರ. ಎರಡೂ ಕಡೆ ಜನ ನಿದ್ದೆಯಲ್ಲಿದ್ದರು. ಕಿಲ್ಲಾರಿಯ ಮನೆಗಳದು ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಾಳಿಗೆ; ಅಡ್ಡಕ್ಕೆ ಅಲುಗಿದಾಗ ಕಲ್ಲನ್ನು ಕಲ್ಲಿಗೆ ಹಿಡಿದಿಡುವುದು ಏನೂ ಇರಲಿಲ್ಲ. ಕ್ಯಾಲಿಫೋರ್ನಿಯದ ಮನೆಗಳು ಬಹುಪಾಲು ಹಗುರವಾದ ಮರದ ಚೌಕಟ್ಟಿನವು, ಬಾಗಬಲ್ಲವು. ಗುಂಡಿಗೆ ಝಲ್ಲೆನ್ನಿಸುವ ಟ್ಯಾಂಕರ್ ಲಾರಿಗಿಂತ ಗೋಡೆಯ ಮೂಲೆಯ ಜೋಡಣೆ ದೊಡ್ಡ ವಿಷಯ. ಆದರೆ ಮೂಲೆಯ ಜೋಡಣೆಯನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಇನ್ನು ಶ್ರೀಮತಿ ಬಾಗಿಲು ಹುಡುಕಿದ್ದು. ಅವಳು ಮೈಸೂರಿನವಳು. ಅದೇ 1989ರ ಫೆಬ್ರವರಿ 8ರಂದು, ಅವಳಿಗೆ ಹತ್ತು ವರ್ಷವಾಗಿದ್ದಾಗ, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿತ್ತು. 62 ಮಂದಿ ಸತ್ತರು. ನಿರ್ದೇಶಕರೂ ಟಿಪ್ಪುವಿನ ಪಾತ್ರಧಾರಿಯೂ ಆಗಿದ್ದ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ಬಹುಕಾಲ ಆಸ್ಪತ್ರೆಯಲ್ಲಿದ್ದರು. ಆ ರಾತ್ರಿ ಅವಳ ತಂದೆ ರಕ್ತ ಕೊಡಲೆಂದು ಆಸ್ಪತ್ರೆಗೆ ಹೋದವರು ಬೆಳಗಾಗುವವರೆಗೆ ಬರಲಿಲ್ಲ. ಬಂದ ಮೇಲೂ ಮಾತನಾಡಲಿಲ್ಲ. ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದಾಗ ಆ ಮನೆಯಲ್ಲಿ ಅದನ್ನು ಯಾರೂ ನೋಡಲಿಲ್ಲವಂತೆ. ಸಿನಿಮಾ ಮಂದಿರಕ್ಕೆ ಹೋದರೂ, ಮದುವೆ ಛತ್ರಕ್ಕೆ ಹೋದರೂ ಅವಳು ಮೊದಲು ಬಾಗಿಲು ನೋಡುತ್ತಾಳೆ. ಮದುವೆಯಾದ ಹೊಸತರಲ್ಲಿ ನಾನು ಇದಕ್ಕೆ ನಗುತ್ತಿದ್ದೆ.

ಆ ದುರಂತಕ್ಕೆ ಸಡಿಲವಾದ ವಿದ್ಯುತ್ ತಂತಿ, ಗಾಳಿ ಆಡಲು ಕಿಂಡಿಗಳಿಲ್ಲದಿದ್ದುದು ಮುಖ್ಯ ಕಾರಣಗಳೆಂದು ಹೇಳಲಾಯಿತು. ಸಡಿಲವಾದ ಜೋಡಣೆ ಏಕೆ ಅಪಾಯ? ಎರಡು ತಂತಿಗಳು ಗಟ್ಟಿಯಾಗಿ ಕೂಡಿಕೊಂಡಲ್ಲಿ ರೋಧ ಅತ್ಯಲ್ಪ. ಸಡಿಲವಾದರೆ ಅವು ಒಂದೆರಡು ಬಿಂದುಗಳಲ್ಲಿ ಮಾತ್ರ ತಾಗುತ್ತವೆ, ರೋಧ ಏರುತ್ತದೆ. ಉಷ್ಣ ಹುಟ್ಟುವುದು ವಿದ್ಯುತ್ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಮನೆಯ ಒಂದು ಬಲ್ಬಿನ ಪ್ರವಾಹ ಅರ್ಧ ಆಂಪಿಯರ್‌ಗೂ ಕಡಿಮೆ. ಚಿತ್ರೀಕರಣದ ಒಂದು ದೊಡ್ಡ ದೀಪ ಇಪ್ಪತ್ತು ಆಂಪಿಯರ್ ಎಳೆಯಬಲ್ಲದು. ಪ್ರವಾಹ 40 ಪಟ್ಟು, ಆದರೆ ವರ್ಗದ ಲೆಕ್ಕದಲ್ಲಿ ಉಷ್ಣ 1,600 ಪಟ್ಟು. ಮನೆಯಲ್ಲಿ ವರ್ಷಗಟ್ಟಲೆ ಸುಮ್ಮನಿರುವ ಸಡಿಲ ಜೋಡಣೆ ಸ್ಟುಡಿಯೋದಲ್ಲಿ ಸುಮ್ಮನಿರುವುದಿಲ್ಲ. ಇನ್ನು ಮುಚ್ಚಿದ ಕೋಣೆಯ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಸಾಮಾನ್ಯವಾಗಿ ಹೊಗೆ. ಅದರಲ್ಲಿರುವ ಇಂಗಾಲದ ಮೊನಾಕ್ಸೈಡ್ ರಕ್ತದ ಹೀಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಸಿಹೊಗೆ ಮೇಲಕ್ಕೇರಿ ಛಾವಣಿಯಡಿ ಸೇರುವುದರಿಂದ ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ತೆವಳಿಕೊಂಡು ಬಾಗಿಲಿಗೆ ಹೋಗಬೇಕು ಎನ್ನುವುದು ಅದಕ್ಕೇ.

ಹಾಗಾದರೆ ಆ ಟ್ಯಾಂಕರ್ ಲಾರಿಯ ಬೆಂಕಿ? ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಬಂದೆವು. ಅಲ್ಲಿ ಉರಿದದ್ದು ಲಾರಿಯಲ್ಲ. ಇಂಥ ಪ್ರದರ್ಶನಗಳಲ್ಲಿ ಉರಿಯುವುದು ದೂರದ ತೊಟ್ಟಿಯಿಂದ ಕೊಳವೆಯಲ್ಲಿ ಬರುವ ಅನಿಲ. ಬೆಂಕಿಗೆ ಇಂಧನ, ಆಮ್ಲಜನಕ, ಉಷ್ಣ ಮೂರೂ ಬೇಕೆಂದು ಪಠ್ಯಪುಸ್ತಕ ಹೇಳುತ್ತದೆ. ಮರ, ಬಟ್ಟೆ ಹೊತ್ತಿಕೊಂಡರೆ ಇಂಧನ ಅಲ್ಲೇ ಬಿದ್ದಿರುತ್ತದೆ, ಹಿಂದಕ್ಕೆ ಕರೆಯಲಾಗದು. ಅನಿಲದ ಜ್ವಾಲೆಯಲ್ಲಿ ಆಯಾ ಕ್ಷಣಕ್ಕೆ ಬೇಕಾದಷ್ಟೇ ಇಂಧನ ಅಲ್ಲಿರುತ್ತದೆ. ಕವಾಟ ಮುಚ್ಚಿದ ಮರುಕ್ಷಣ ಜ್ವಾಲೆ ಇಲ್ಲ. ಅಂದರೆ ಈ ಬೆಂಕಿಯನ್ನು ಯಾರೂ ಆರಿಸುವುದಿಲ್ಲ, ಅದಕ್ಕೆ ಊಟ ನಿಲ್ಲಿಸುತ್ತಾರೆ. ನಿಮ್ಮ ಅಡುಗೆಮನೆಯ ಒಲೆಯಲ್ಲೂ ಇದೇ ತತ್ವ. ಒಲೆಯ ಜ್ವಾಲೆ ನೀಲಿ, ಏಕೆಂದರೆ ಅನಿಲ ಮೊದಲೇ ಗಾಳಿಯೊಂದಿಗೆ ಬೆರೆತು ಪೂರ್ತಿ ಉರಿಯುತ್ತದೆ. ಕ್ಯಾಮೆರಾಕ್ಕೆ ನೀಲಿ ಬೆಂಕಿ ಬೇಡ. ಗಾಳಿಯನ್ನು ಮೊದಲೇ ಬೆರೆಸದೆ ಬಿಟ್ಟರೆ ಅರೆಬರೆ ಉರಿದ ಮಸಿಯ ಕಣಗಳು ಕಾದು ಕಿತ್ತಳೆ ಬಣ್ಣದಲ್ಲಿ ಬೆಳಗುತ್ತವೆ. ಅದು ಭಯಂಕರವಾಗಿ ಕಾಣುತ್ತದೆ.

ಕವಾಟದ ವಿಷಯದಲ್ಲಿ ಇನ್ನೊಂದು ಜಾಣತನವಿದೆ. ಸುರಕ್ಷತೆಗಾಗಿ ಬಳಸುವ ಕವಾಟವನ್ನು ಸ್ಪ್ರಿಂಗ್ ಸದಾ ಮುಚ್ಚಿಯೇ ಹಿಡಿದಿರುತ್ತದೆ. ತೆರೆದಿಡಲು ವಿದ್ಯುತ್ ಬೇಕು. ವಿದ್ಯುತ್ ಹೋದರೆ, ತಂತಿ ಕಡಿದರೆ, ಗುಂಡಿ ಒತ್ತಿ ಹಿಡಿದವನು ಕೈ ಬಿಟ್ಟರೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ರೈಲುಗಳ ಗಾಳಿ ಬ್ರೇಕು ಕೂಡ ಹೀಗೆಯೇ: ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಕೊಳವೆ ತುಂಡಾದರೆ ಹಿಡಿಯುತ್ತದೆ. ಕೆಟ್ಟರೆ ಒಳ್ಳೆಯ ದಿಕ್ಕಿಗೇ ಕೆಡುವಂತೆ ಮಾಡಿಟ್ಟ ಯಂತ್ರಗಳು ಇವು. ಎಂಜಿನಿಯರಿಂಗ್ ಓದುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಇಷ್ಟೆಲ್ಲ ತಿಳಿದವರ ಮನೆಯಲ್ಲೂ ಬೆಂಕಿ ಬಿತ್ತು. 2008ರ ಜೂನ್ 1ರ ನಸುಕಿನಲ್ಲಿ ಇದೇ ಸ್ಟುಡಿಯೋದ ನ್ಯೂಯಾರ್ಕ್ ಬೀದಿ, ದೈತ್ಯ ಕಿಂಗ್ ಕಾಂಗ್ ವಾನರನ ಪ್ರದರ್ಶನ, ಸಾವಿರಾರು ವಿಡಿಯೋ ಪ್ರತಿಗಳಿದ್ದ ಸಂಗ್ರಹಾಗಾರ ಸುಟ್ಟುಹೋದವು. ದಿನಕ್ಕೆ ಹತ್ತಾರು ಸಲ ಟ್ಯಾಂಕರ್ ಉರಿಸುವ ಪ್ರದರ್ಶನದಿಂದ ಹತ್ತಿದ ಬೆಂಕಿಯಲ್ಲ ಅದು. ಒಂದು ಸೆಟ್ಟಿನ ಛಾವಣಿಗೆ ಡಾಂಬರಿನ ಹೊದಿಕೆ ಅಂಟಿಸಲು ಕೆಲಸಗಾರರು ಊದುದೀಪದಿಂದ ಬಿಸಿ ಮಾಡಿದ್ದರು. ಮುಗಿದ ಮೇಲೆ ನಿಯಮದಂತೆ ಒಂದು ಗಂಟೆ ಕಾದು ನೋಡಿಯೂ ಇದ್ದರು. ಆದರೆ ಮರ ಜ್ವಾಲೆಯಿಲ್ಲದೆ ಒಳಗೊಳಗೇ ಬೂದಿ ಮುಚ್ಚಿದ ಕೆಂಡದಂತೆ ಬಹಳ ಹೊತ್ತು ಕನಲಬಲ್ಲದು. ಯಾರೂ ಸಾಯಲಿಲ್ಲ. ಅಲ್ಲಿದ್ದ ಹಾಡುಗಳ ಮೂಲ ಧ್ವನಿಮುದ್ರಿಕೆಗಳು ಬಹಳಷ್ಟು ನಷ್ಟವಾದುವೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಿವರವಾಗಿ ಬರೆದದ್ದು ನಾವು ಹೋಗಿ ಬಂದ ಮರುತಿಂಗಳು. ಹಳೆಯ ಟೇಪುಗಳ ಕೊಠಡಿಯ ಬೀಗದ ಕೈ ನನ್ನ ಬಳಿಯೂ ಇದ್ದ ದಿನಗಳಿದ್ದವು. ಆ ಸುದ್ದಿ ಓದಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಸುಟ್ಟುಹೋದ ಕಿಂಗ್ ಕಾಂಗ್‌ನ ಬದಲಿಗೆ 2010ರಲ್ಲಿ ಬಂದದ್ದು ನಿರ್ದೇಶಕ ಪೀಟರ್ ಜಾಕ್ಸನ್ ರೂಪಿಸಿದ ಮೂರು ಆಯಾಮದ ಪ್ರದರ್ಶನ. ಟ್ರಾಮ್ ಕತ್ತಲ ಸುರಂಗದೊಳಗೆ ಹೋಗಿ ನಿಲ್ಲುತ್ತದೆ. ಎರಡೂ ಪಕ್ಕದಲ್ಲಿ ಬಾಗಿದ ಭಾರೀ ಪರದೆಗಳು. ಡೈನೋಸಾರ್‌ಗಳು ನಮ್ಮನ್ನು ಅಟ್ಟಿಸಿಕೊಂಡು ಬಂದವು, ಟ್ರಾಮ್ ನಾಗಾಲೋಟದಲ್ಲಿ ಓಡಿತು, ಪ್ರಪಾತಕ್ಕೆ ಉರುಳಿತು. ವಾಸ್ತವದಲ್ಲಿ ಅದು ಒಂದು ವೇದಿಕೆಯ ಮೇಲೆ ನಿಂತಲ್ಲೇ ಅಲುಗಾಡಿತು ಅಷ್ಟೆ. ಅರಸೀಕೆರೆ ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತೆಂದು ಭ್ರಮಿಸಿದ ಅನುಭವ ನಿಮಗಿದ್ದೀತು. ಒಳಗಿವಿಯಲ್ಲಿ ಸುಣ್ಣದ ಸಣ್ಣ ಕಣಗಳಿರುವ ಒಂದು ಅಂಗವಿದೆ. ಅದು ವೇಗವನ್ನಲ್ಲ, ವೇಗೋತ್ಕರ್ಷವನ್ನು ತಿಳಿಯುತ್ತದೆ. ಮತ್ತು ಅದಕ್ಕೆ ಗುರುತ್ವಾಕರ್ಷಣೆಗೂ ವೇಗೋತ್ಕರ್ಷಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಎರಡು ಒಂದೇ ರೀತಿ ವರ್ತಿಸುತ್ತವೆ ಎಂಬ ಹೊಳಹಿನಿಂದಲೇ ಐನ್‌ಸ್ಟೈನ್ ತಮ್ಮ ಗುರುತ್ವ ಸಿದ್ಧಾಂತವನ್ನು ಕಟ್ಟಿದ್ದು. ಟ್ರಾಮ್‌ನ ಮುಂಭಾಗವನ್ನು ಮೆಲ್ಲಗೆ 10 ಡಿಗ್ರಿ ಎತ್ತಿದರೆ ಗುರುತ್ವದ ಒಂದು ಪಾಲು ನಿಮ್ಮ ಬೆನ್ನನ್ನು ಆಸನಕ್ಕೆ ಒತ್ತುತ್ತದೆ: 9.8ನ್ನು 10 ಡಿಗ್ರಿಯ ಸೈನ್‌ನಿಂದ ಗುಣಿಸಿ, ಸೆಕೆಂಡಿನ ವರ್ಗಕ್ಕೆ ಸುಮಾರು 1.7 ಮೀಟರ್. ನಿಂತ ಕಾರು 10 ಸೆಕೆಂಡಿನಲ್ಲಿ 60 ಕಿಲೋಮೀಟರ್ ವೇಗಕ್ಕೆ ಏರುವಾಗ ಬೆನ್ನಿಗೆ ಆಗುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಪರದೆಯ ಮೇಲೆ ಮರಗಳು ಹಿಂದಕ್ಕೆ ಓಡುತ್ತಿದ್ದರೆ ಮೆದುಳು ‘ಟ್ರಾಮ್ ವಾಲಿದೆ’ ಎನ್ನುವುದಿಲ್ಲ, ‘ವೇಗ ಹೆಚ್ಚುತ್ತಿದೆ’ ಎನ್ನುತ್ತದೆ. ನಾನು ಲೆಕ್ಕ ಹಾಕುತ್ತಿದ್ದರೂ ಕೈ ಮಾತ್ರ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಕೊನೆಯ ಭಾಗದಲ್ಲಿ ಛಿದ್ರವಾದ ಒಂದು ಬೋಯಿಂಗ್ 747 ವಿಮಾನ ಬಿದ್ದಿದೆ. 2005ರ ‘ವಾರ್ ಆಫ್ ದಿ ವರ್ಲ್ಡ್ಸ್’ ಚಿತ್ರಕ್ಕಾಗಿ ಕೆಲಸ ಮುಗಿಸಿದ ನಿಜವಾದ ವಿಮಾನವನ್ನೇ ತಂದು ಕತ್ತರಿಸಿದ್ದು. ಸಣ್ಣ ಮಾದರಿ ಮಾಡಬಹುದಿತ್ತಲ್ಲ ಎಂದರೆ, ಮಾದರಿಗಳಿಗೆ ಒಂದು ಕಷ್ಟವಿದೆ. ಗುರುತ್ವ ಅವುಗಳಿಗೆ ತಕ್ಕಂತೆ ಚಿಕ್ಕದಾಗುವುದಿಲ್ಲ. 40 ಮೀಟರ್ ಗೋಪುರದ ಮೇಲಿನ ಕಲ್ಲು ನೆಲಕ್ಕೆ ಬೀಳಲು 2.9 ಸೆಕೆಂಡ್ ಹಿಡಿದರೆ, ಹದಿನಾರನೆಯ ಒಂದರಷ್ಟು ಎತ್ತರದ ಮಾದರಿಯಿಂದ 0.7 ಸೆಕೆಂಡಿನಲ್ಲಿ ಬೀಳುತ್ತದೆ. ಆದ್ದರಿಂದ ಕ್ಯಾಮೆರಾವನ್ನು ನಾಲ್ಕು ಪಟ್ಟು ವೇಗವಾಗಿ ಓಡಿಸಿ, ಸೆಕೆಂಡಿಗೆ 24ರ ಬದಲು 96 ಚಿತ್ರ ತೆಗೆದು, ನಿಧಾನವಾಗಿ ತೋರಿಸುತ್ತಾರೆ. ನೀರಿಗೆ ಮಾತ್ರ ಈ ಉಪಾಯವೂ ಸಾಲದು. ಹನಿಯ ಗಾತ್ರವನ್ನು ಯಾರೂ ಚಿಕ್ಕದು ಮಾಡಲಾರರು. ಹಳೆಯ ಪೌರಾಣಿಕ ಚಿತ್ರಗಳ ಸಮುದ್ರದಲ್ಲಿ ಹಡಗು ಆಟಿಕೆಯಂತೆ ಕಾಣುವುದು ಹನಿಗಳಿಂದ.

ಸಂಜೆ ‘ವಾಟರ್‌ವರ್ಲ್ಡ್’ ಎಂಬ ಸಾಹಸ ಪ್ರದರ್ಶನವನ್ನೂ ನೋಡಿದೆವು. ಚೆನ್ನಾಗಿತ್ತು, ತುಂಬಾ ಗದ್ದಲ. ಆಮೇಲೆ ಒಂದು ಬೆಂಚಿನ ಮೇಲೆ ಕಾಫಿ ಹಿಡಿದು ಕುಳಿತಾಗ ಶ್ರೀಮತಿ, "ಇಷ್ಟು ಬೆಂಕಿ ಉರಿಸಿಯೂ ಇವರು ಯಾರಿಗೂ ಏನೂ ಆಗದಂತೆ ನೋಡಿಕೊಳ್ಳುತ್ತಾರೆ. ನೀವು ಒಂದು ಮೋಡದಲ್ಲಿ ಆ ಮಗುವನ್ನು ಕೆಡವಿದಿರಿ" ಎಂದಳು. ಅದನ್ನೂ ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಮಕ್ಕಳ ನಾಟಕವೊಂದರಲ್ಲಿ ಮುನಿಕುಮಾರನೊಬ್ಬ ಮೋಡಗಳ ನಡುವೆ ತಪಸ್ಸಿಗೆ ಕುಳಿತಿರಬೇಕು. ಘನೀಕರಿಸಿದ ಇಂಗಾಲದ ಡೈ ಆಕ್ಸೈಡ್ ತರಿಸಿ ಬಿಸಿನೀರಿಗೆ ಹಾಕಿಸಿದೆ. ಸೊಗಸಾದ ಬಿಳಿಯ ಮೋಡ ನೆಲದ ಮೇಲೆ ಹಾಸಿಕೊಂಡಿತು. ಮೂರನೆಯ ಸಲ ಚಿತ್ರೀಕರಿಸುವಾಗ ಹುಡುಗ ಪಕ್ಕಕ್ಕೆ ವಾಲಿ ಬಿದ್ದ. ನಿದ್ದೆ ಬಂದಿರಬೇಕೆಂದು ಯಾರೋ ನಕ್ಕರು. ದೀಪದವನು ಓಡಿ ಬಂದು ಎತ್ತಿ ಹೊರಗೆ ಒಯ್ದ. ಗಾಳಿಯಲ್ಲಿ ಎರಡು ನಿಮಿಷಕ್ಕೆ ಕಣ್ಣು ತೆರೆದ. ಆ ಎರಡು ನಿಮಿಷಗಳು ನನಗೆ ಬಹಳ ಉದ್ದವಾಗಿದ್ದವು. ವಿಜ್ಞಾನದ ಪದವೀಧರನಾದ ನನಗೆ ಗೊತ್ತಿಲ್ಲದ ಸಂಗತಿ ಅದರಲ್ಲಿ ಒಂದೂ ಇರಲಿಲ್ಲ. ಕಾಣುವ ಬಿಳಿ ಮೋಡ ನೀರಿನ ಹನಿಗಳದು. ಕಾಣದ ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲೇ ಸೇರುತ್ತದೆ. ಒಂದು ಕಿಲೋದಿಂದ 500 ಲೀಟರಿಗೂ ಹೆಚ್ಚು ಅನಿಲ. ನಾವೆಲ್ಲ ನಿಂತಿದ್ದೆವು, ನಮ್ಮ ಮೂಗುಗಳು ಐದಡಿ ಮೇಲಿದ್ದವು. ಕುಳಿತಿದ್ದವನು ಅವನೊಬ್ಬನೇ. ಸದ್ದು ಹಿಡಿಯಬಾರದೆಂದು ಬಾಗಿಲುಗಳನ್ನೆಲ್ಲ ಮುಚ್ಚಿಸಿದ್ದವನೂ ನಾನೇ. ಬೆಂಕಿಯ ಹೊಗೆಯಲ್ಲಿ ನೆಲಕ್ಕೆ ಬಗ್ಗಬೇಕು ಎಂದು ಮೇಲೆ ಬರೆದೆನಲ್ಲ; ಇಲ್ಲಿ ಅದಕ್ಕೆ ವಿರುದ್ಧ, ಮೇಲೇಳಬೇಕು. ಒಂದೇ ಸೂತ್ರ ಎಲ್ಲ ಕಡೆ ನಡೆಯದು, ಅನಿಲದ ಸಾಂದ್ರತೆ ಮತ್ತು ಬಿಸಿಯನ್ನು ನೋಡಬೇಕು.

ಕತ್ತಲಾದ ಮೇಲೆ ಅವಳ ತಂಗಿಯ ಮನೆಗೆ ಮರಳಿದೆವು. ನಾನು ಊಟದ ಮೇಜಿನಲ್ಲಿ ಟ್ಯಾಂಕರ್ ಲಾರಿಯ ಕಥೆಯನ್ನು ಕೈಕಾಲು ಆಡಿಸಿ ಹೇಳುತ್ತಿದ್ದೆ. ಅವಳು ಕೈ ತೊಳೆಯಲು ಎದ್ದು ಹೋದವಳು ಗ್ಯಾರೇಜಿನಿಂದ ಕರೆದಳು. ಅಲ್ಲಿ ಆಳೆತ್ತರದ ನೀರು ಕಾಯಿಸುವ ಹಂಡೆ. ಅದರ ಸೊಂಟಕ್ಕೆ ಮತ್ತು ಎದೆಗೆ ಎರಡು ಲೋಹದ ಪಟ್ಟಿ ಸುತ್ತಿ ಗೋಡೆಯ ಮರಕ್ಕೆ ತಿರುಪು ಹಾಕಿ ಬಿಗಿದಿದ್ದರು. ಕ್ಯಾಲಿಫೋರ್ನಿಯದಲ್ಲಿ ಇದು ಕಾನೂನು ಎಂದು ತಂಗಿಯ ಗಂಡ ಹೇಳಿದ. ಭೂಮಿ ಅಲುಗಿದಾಗ ಹಂಡೆ ಉರುಳಿ ಅನಿಲದ ಕೊಳವೆ ಮುರಿಯಬಾರದೆಂದು. ಅವಳು ಒಂದು ಪಟ್ಟಿಯನ್ನು ಬೆರಳಿನಿಂದ ಎಳೆದು ನೋಡಿದಳು. ಅದು ಅಲುಗಲಿಲ್ಲ. ಆಮೇಲೆ ಒಳಗೆ ಬಂದು ಮೊಸರನ್ನ ಮುಗಿಸಿದಳು.